ಮಳೆಯಲ್ಲಿ ಫೋಟೊ ತೆಗೆಯುವುದು: ಕ್ಯಾಮೆರಾ ಕೆಡಿಸಿಕೊಳ್ಳದೆ ಹೋಗಿ ಬರುವ ಕ್ರಮ

ಆರಿದ್ರಾ ಮಳೆ ಹಿಡಿದು ವಾರ ಕಳೆಯುವುದರೊಳಗೆ ನನಗೆ ಫೋನು ಬರಲು ಶುರುವಾಗುತ್ತದೆ. ಮಾತು ಹೆಚ್ಚುಕಡಿಮೆ ಒಂದೇ. ‘ಆಗುಂಬೆಗೆ ಹೋಗಿದ್ವಿ ಸಾರ್, ಅಲ್ಲಿ ಕ್ಯಾಮೆರಾ ಚೆನ್ನಾಗೇ ಇತ್ತು. ರಾತ್ರಿ ಮನೆಗೆ ಬಂದು ಆನ್ ಮಾಡಿದ್ರೆ ಲೆನ್ಸ್ ಎರರ್ ಅಂತ ಬರ್ತಿದೆ.’

ಆಮೇಲೆ ಏನೇನು ಮಾಡಿದಿರಿ ಎಂದು ಕೇಳುತ್ತ ಹೋದರೆ ಉತ್ತರವೂ ಒಂದೇ. ಒದ್ದೆ ಕ್ಯಾಮೆರಾವನ್ನು ಹಾಗೇ ಚೀಲಕ್ಕೆ ಹಾಕಿ ಜಿಪ್ ಎಳೆದಿದ್ದಾರೆ. ಎಸಿ ಹಾಕಿದ ಕಾರಿನಲ್ಲಿ ಮೂರು ತಾಸು ಬಂದಿದ್ದಾರೆ. ಮನೆ ತಲುಪಿದವರೇ ಆನ್ ಮಾಡಿ, ಝೂಮ್ ಹಿಂದೆಮುಂದೆ ತಿರುಗಿಸಿ ನೋಡಿದ್ದಾರೆ. ಕ್ಯಾಮೆರಾ ಕೆಟ್ಟಿದ್ದು ಮಳೆಯಲ್ಲಿ ಅಲ್ಲ, ಮಳೆಯಿಂದ ಈಚೆ ಬಂದ ಮೇಲೆ. ಅವರು ಮಾಡಿದ ಒಂದೊಂದು ಕೆಲಸವೂ ಸಹಜವಾದದ್ದೇ. ಕ್ರಮ ಮಾತ್ರ ತಪ್ಪಿತ್ತು. ಅದಕ್ಕೇ ಈ ಬರಹದಲ್ಲಿ ಯಾವುದರ ನಂತರ ಯಾವುದು ಎಂಬುದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

1. ನೀರು ಎಲ್ಲಿಂದ ಒಳಗೆ ಹೋಗುತ್ತದೆ, ಮೊದಲು ನೋಡಿಕೊಳ್ಳಿ

ಒಣ ದಿನವೊಂದರಲ್ಲಿ ಕ್ಯಾಮೆರಾವನ್ನು ಮೇಜಿನ ಮೇಲಿಟ್ಟುಕೊಂಡು ಸುತ್ತ ಬೆರಳಾಡಿಸಿ. ನೀರು ಇಳಿಯುವ ದಾರಿ ಮುಖ್ಯವಾಗಿ ಐದು: ಝೂಮ್ ಮಾಡಿದಾಗ ಮುಂದೆ ಚಾಚಿಕೊಳ್ಳುವ ಕೊಳವೆಯ ಸಂದು, ಲೆನ್ಸು ಕ್ಯಾಮೆರಾದ ಬಾಡಿಯ ಮೇಲೆ ಕೂರುವ ಉಂಗುರ, ಮೇಲಿನ ಫ್ಲ್ಯಾಶ್ ಸಿಕ್ಕಿಸುವ ಜಾಗ, ಬ್ಯಾಟರಿ ಮತ್ತು ಕಾರ್ಡಿನ ಬಾಗಿಲು, ಯುಎಸ್‌ಬಿ ಮತ್ತು ಮೈಕ್ ಕಿಂಡಿಗಳ ಮೇಲಿನ ರಬ್ಬರ್ ಮುಚ್ಚಳ.

ಇವುಗಳಲ್ಲಿ ಹೆಚ್ಚು ಹಾನಿ ಮಾಡುವುದು ಝೂಮ್ ಕೊಳವೆ. 18-55 ಮಿ.ಮೀ.ಯಂಥ ಝೂಮ್ ಲೆನ್ಸು ಉದ್ದವಾದಾಗ ಹೊರಗಿನ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಗಿಡ್ಡವಾದಾಗ ಹೊರಕ್ಕೆ ನೂಕುತ್ತದೆ. ಪಂಪಿನ ಕೆಲಸವೇ ಅದು. ಕೊಳವೆಯ ಮೇಲೆ ನಾಲ್ಕು ಹನಿ ಇದ್ದಾಗ ಗಿಡ್ಡ ಮಾಡಿದಿರೋ, ಆ ನಾಲ್ಕೂ ಹನಿ ಒಳಗೆ. ಹನ್ನೆರಡು ವರ್ಷದ ಹಿಂದೆ ಚಾರ್ಮಾಡಿ ಘಾಟಿಯಲ್ಲಿ ನಾನು ಒಂದು ಝೂಮ್ ಲೆನ್ಸು ಕಳೆದುಕೊಂಡದ್ದು ಹೀಗೆಯೇ. ಬಾಡಿಯನ್ನು ಜೋಪಾನವಾಗಿ ಮುಚ್ಚಿಕೊಂಡಿದ್ದೆ, ಒದ್ದೆ ಕೊಳವೆ ಒರೆಸದೆ ಮಡಚಿದ್ದೆ.

ಇನ್ನು ‘ವೆದರ್ ಸೀಲ್ಡ್’ ಎಂಬ ಮಾತು. ಅದರರ್ಥ ಸಂದುಗಳಲ್ಲಿ ರಬ್ಬರ್ ಪಟ್ಟಿ ಇದೆ ಎಂದಷ್ಟೇ. ನೀರಲ್ಲಿ ಮುಳುಗಿಸಬಹುದು ಎಂದಲ್ಲ, ಇಡೀ ದಿನ ಧೋ ಎಂದು ಸುರಿಯುವಲ್ಲಿ ಹಿಡಿದು ನಿಲ್ಲಬಹುದು ಎಂದೂ ಅಲ್ಲ. ಬಹಳಷ್ಟು ಕಂಪನಿಗಳು ಎಷ್ಟು ನೀರು ತಡೆಯುತ್ತದೆಂದು ಅಂಕಿಯಲ್ಲಿ ಹೇಳುವುದೇ ಇಲ್ಲ. ಹೇಳಿದ ಕೆಲವರಲ್ಲಿ ಓಎಂ ಸಿಸ್ಟಮ್ ಒಂದು. ಅವರ ಓಎಂ-1 ಕ್ಯಾಮೆರಾಗೆ ಐಪಿ53 ಎಂಬ, ದೂಳು-ನೀರು ತಡೆಯುವ ಶಕ್ತಿ ಹೇಳುವ ದರ್ಜೆ ಇದೆ. ಕೊನೆಯ 3ರ ಅರ್ಥ, ನೆಟ್ಟಗಿನಿಂದ 60 ಡಿಗ್ರಿವರೆಗೆ ಓರೆಯಾಗಿ ಬೀಳುವ ಸಿಂಪರಣೆಯನ್ನು ತಡೆದೀತು ಎಂದು. ಘಾಟಿಯ ಅಂಚಿನಲ್ಲಿ ಗಾಳಿ ಕೆಳಗಿನಿಂದ ಮೇಲಕ್ಕೆ ತಂದು ರಾಚುವ ಎರಚಲು ಆ ಲೆಕ್ಕದೊಳಗೆ ಬರುವುದಿಲ್ಲ.

ಬಾಡಿ ಮತ್ತು ಲೆನ್ಸು ಎರಡಕ್ಕೂ ಸೀಲ್ ಇದ್ದರೆ ಮಾತ್ರ ಲೆಕ್ಕ. ಸೀಲ್ ಇರುವ ದುಬಾರಿ ಬಾಡಿಯ ಮೇಲೆ ಸೀಲ್ ಇಲ್ಲದ ಲೆನ್ಸು ಹಾಕಿದರೆ ಉಂಗುರದ ಸಂದಿನಿಂದಲೇ ನೀರು ಇಳಿಯುತ್ತದೆ. ಲೆನ್ಸನ್ನು ಬಿಚ್ಚಿ ಲೋಹದ ಉಂಗುರದ ಸುತ್ತ ತೆಳುವಾದ ರಬ್ಬರ್ ಎದ್ದು ಕಾಣುತ್ತಿದೆಯೇ ನೋಡಿ. ಇಲ್ಲದಿದ್ದರೆ ಸೀಲ್ ಇಲ್ಲ ಎಂದೇ ತಿಳಿಯಿರಿ. ಕ್ಯಾನನ್‌ನ 17-40ರಂಥ ಕೆಲವು ಎಲ್ (ದುಬಾರಿ ದರ್ಜೆಯ) ಲೆನ್ಸುಗಳಿಗೆ ಮುಂದೆ ಫಿಲ್ಟರ್ ಹಾಕಿದ ಮೇಲಷ್ಟೇ ಸೀಲ್ ಪೂರ್ತಿಯಾಗುತ್ತದೆ. ಕ್ಯಾನನ್ 1500ಡಿ, ಆರ್50ರಂಥ ಆರಂಭಿಕರ ಕ್ಯಾಮೆರಾಗಳಿಗೆ ಸೀಲ್ ಇಲ್ಲ. ನಿಮ್ಮದು ಇಂಥದ್ದಾದರೆ ಬೇಸರ ಬೇಡ, ಮಳೆಯಲ್ಲಿ ಅದರಲ್ಲೂ ಒಳ್ಳೆಯ ಫೋಟೊ ತೆಗೆಯಬಹುದು. ಆದರೆ 4ನೇ ಹಂತವನ್ನು ಬಿಡುವ ಹಾಗಿಲ್ಲ.

2. ಬೇಕಾದ ಸಾಮಾನು

ದುಡ್ಡು ಹೆಚ್ಚು ಬೇಡುವ ಯಾವುದೂ ಇದರಲ್ಲಿಲ್ಲ.

ಲೆನ್ಸಿನ ಹುಡ್, ಅಂದರೆ ಲೆನ್ಸಿನ ತುದಿಗೆ ಹಾಕುವ ಮರೆ. ಬಿಸಿಲಿಗಿಂತ ಮಳೆಗೆ ಇದು ಹೆಚ್ಚು ಬೇಕು. ಆಳವಿರುವ ಹುಡ್ ಇದ್ದರೆ ಮುಂದಿನ ಗಾಜಿಗೆ ಬೀಳುವ ಹನಿ ಅರ್ಧಕ್ಕರ್ಧ ತಪ್ಪುತ್ತದೆ.

ಗಾಜು ಒರೆಸುವ ಮೈಕ್ರೋಫೈಬರ್ ಬಟ್ಟೆ, ಕಡಿಮೆಯೆಂದರೆ ನಾಲ್ಕು. ಒಂದು ಒದ್ದೆಯಾದ ಮೇಲೆ ಅದು ನೀರನ್ನು ಗಾಜಿನ ತುಂಬ ಸವರುತ್ತದೆಯೇ ಹೊರತು ತೆಗೆಯುವುದಿಲ್ಲ. ಒಂದೊಂದನ್ನೂ ಬೇರೆ ಬೇರೆ ಜಿಪ್ ಕವರಿನಲ್ಲಿಡಿ.

ಬಾಡಿ ಒರೆಸಲು ತೊಳೆದು ತೊಳೆದು ಮೆತ್ತಗಾದ ಹಳೆಯ ಹತ್ತಿ ಪಂಚೆಯ ತುಂಡು. ನೀರು ಹೀರುವುದರಲ್ಲಿ ಅದನ್ನು ಮೀರಿಸುವ ಬಟ್ಟೆ ನಾನು ಕಂಡಿಲ್ಲ. ಗಾಜಿಗೆ ಮಾತ್ರ ಅದನ್ನು ತಾಗಿಸಬೇಡಿ.

ದಪ್ಪನೆಯ ಪಾರದರ್ಶಕ ಪ್ಲಾಸ್ಟಿಕ್ ಕವರ್ ಎರಡು, ಅಗಲದ ರಬ್ಬರ್ ಬ್ಯಾಂಡ್ ನಾಲ್ಕು. ಮುಚ್ಚಳಕ್ಕೆ ರಬ್ಬರ್ ಇರುವ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ ಒಂದು. ಕ್ಯಾಮೆರಾ ಮತ್ತು ಲೆನ್ಸು ಬಿಡಿಬಿಡಿಯಾಗಿ ಹಿಡಿಯುವಷ್ಟು ದೊಡ್ಡದು. ಅದರೊಳಗೆ ಇಡಲು ಕಾಲು ಕಿಲೋ ಸಿಲಿಕಾ ಜೆಲ್. ಕಿತ್ತಳೆ ಬಣ್ಣದ್ದನ್ನೇ ಕೊಳ್ಳಿ. ನೀಲಿ ಬಣ್ಣದ್ದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ. ಮಕ್ಕಳಿರುವ ಮನೆಗೆ ತರುವಂಥದ್ದಲ್ಲ.

ಪೋಲರೈಸರ್ ಫಿಲ್ಟರ್ ಇದ್ದರೆ ತೆಗೆದುಕೊಳ್ಳಿ. ಅದರ ಮಾತು ಮುಂದೆ ಬರುತ್ತದೆ.

3. ಮನೆಯಲ್ಲೇ ಮುಗಿಸಿ ಹೊರಡಬೇಕಾದದ್ದು

ಮಳೆಯಲ್ಲಿ ಯಾವ ಬಾಗಿಲನ್ನೂ ತೆರೆಯಬಾರದು. ಹಾಗಾಗಿ ತೆರೆದು ಮಾಡುವ ಕೆಲಸವೆಲ್ಲ ಮನೆಯಲ್ಲೇ ಆಗಬೇಕು. ತುಂಬಿದ ಬ್ಯಾಟರಿ, ಖಾಲಿಯಿರುವ 64 ಜಿಬಿ ಕಾರ್ಡು. ಆ ದಿನಕ್ಕೆ ಒಂದೇ ಲೆನ್ಸು. ಯಾವುದು ಎಂದು ಮನೆಯಲ್ಲೇ ನಿರ್ಧರಿಸಿ, ಹಾಕಿಕೊಂಡು ಹೊರಡಿ. ನನ್ನ ಆಯ್ಕೆ 18-135 ಅಥವಾ 24-105ರಂಥ ನಡುವಿನ ಝೂಮ್. ‘ಅಲ್ಲಿ ನೋಡಿಕೊಂಡು ಬದಲಿಸಿದರಾಯಿತು’ ಎಂದುಕೊಂಡವರ ಸೆನ್ಸರ್ ಮೇಲೆ ಆಗುಂಬೆಯ ಮಂಜು ಕೂತದ್ದನ್ನು ನೋಡಿದ್ದೇನೆ.

ಟಚ್ ಸ್ಕ್ರೀನ್ ಆಫ್ ಮಾಡಿ. ಹನಿ ಬಿದ್ದರೆ ಅದನ್ನೂ ಬೆರಳೆಂದೇ ತಿಳಿದು ಫೋಕಸ್ ಜಾಗವನ್ನು ಎಲ್ಲೆಲ್ಲಿಗೋ ಒಯ್ಯುತ್ತದೆ. ಬಾಡಿಯಲ್ಲೇ ಎದ್ದು ಬರುವ ಫ್ಲ್ಯಾಶ್ ಇದ್ದರೆ ಅದು ತಾನಾಗಿ ಏಳದಂತೆ ಮೆನುವಿನಲ್ಲಿ ನಿಲ್ಲಿಸಿ. ಎದ್ದರೆ ಅದರ ಕೆಳಗಿನ ಕುಳಿ ನೀರಿಗೆ ತೆರೆದುಕೊಳ್ಳುತ್ತದೆ.

ಕೈಗೆ, ಕಾಲಿಗೆ ಏನು ಸವರಿಕೊಂಡಿದ್ದೀರಿ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಸೊಳ್ಳೆ ಮುಲಾಮಿನಲ್ಲಿ ಡೀಟ್ ಎಂಬ ರಾಸಾಯನಿಕ ಇದ್ದರೆ ಅದು ಪ್ಲಾಸ್ಟಿಕ್ಕನ್ನು, ರಬ್ಬರ್ ಹಿಡಿಯನ್ನು ಕರಗಿಸಿ ಅಂಟಂಟು ಮಾಡುತ್ತದೆ. ಇಂಬಳ (ಜಿಗಣೆ) ಹತ್ತದಿರಲೆಂದು ಹಚ್ಚಿಕೊಂಡ ಹೊಗೆಸೊಪ್ಪು, ಸುಣ್ಣದ ಕೈಯಲ್ಲೂ ಲೆನ್ಸು ಮುಟ್ಟಬಾರದು. ಹಚ್ಚಿಕೊಂಡು ಕೈ ತೊಳೆದು, ಆಮೇಲೆ ಕ್ಯಾಮೆರಾ ಹಿಡಿಯಿರಿ.

4. ಕ್ಯಾಮೆರಾಗೆ ಕೊಟ್ಟೆ ಕಟ್ಟುವುದು

ಮಲೆನಾಡಿನ ತೋಟಗಳಲ್ಲಿ ಮಳೆಗಾಲಕ್ಕೆ ಮುಂಚೆ ಅಡಕೆ ಗೊನೆಗೆ ಕೊಟ್ಟೆ (ಮಳೆ ತಡೆಯುವ ಹೊದಿಕೆ) ಕಟ್ಟುವುದನ್ನು ನೋಡಿದ್ದರೆ ಈ ಹಂತ ಹೇಳಿಕೊಡುವ ಅಗತ್ಯವೇ ಇಲ್ಲ. ಮೇಲೆ ಬಿಗಿ, ಕೆಳಗೆ ತೆರೆದ ಬಾಯಿ. ಮಳೆನೀರು ಜಾರಿಹೋಗಬೇಕು, ಒಳಗಿನ ಹಬೆ ಹೊರಗೆ ಹೋಗಬೇಕು. ಕ್ಯಾಮೆರಾಗೂ ಅದೇ ನಿಯಮ.

ಪಾರದರ್ಶಕ ಕವರಿನ ಮುಚ್ಚಿದ ತುದಿಯಲ್ಲಿ ಹುಡ್‌ನ ಸುತ್ತಳತೆಗಿಂತ ಒಂದು ಬೆರಳು ಚಿಕ್ಕದಾಗಿ ತೂತು ಕತ್ತರಿಸಿ. ಹುಡ್ ಹಾಕಿದ ಲೆನ್ಸನ್ನು ಒಳಗಿನಿಂದ ಆ ತೂತಿಗೆ ತೂರಿಸಿ, ಕವರಿನ ಅಂಚು ಹುಡ್‌ನ ಬಾಯಿಗಿಂತ ಎರಡು ಸೆಂ.ಮೀ. ಹಿಂದೆ ಇರುವಂತೆ ರಬ್ಬರ್ ಬ್ಯಾಂಡ್ ಸುತ್ತಿ. ಅಂಚು ಮುಂದೆ ಚಾಚಿದ್ದರೆ ಫೋಟೊದ ಮೂಲೆಯಲ್ಲಿ ಮಸುಕಾಗಿ ಕಾಣುತ್ತದೆ. ಝೂಮ್ ಉಂಗುರದ ಮೇಲೆ ಪ್ಲಾಸ್ಟಿಕ್ಕನ್ನು ಸಡಿಲವಾಗಿ ಬಿಡಿ, ಹೊರಗಿನಿಂದಲೇ ಹಿಡಿದು ತಿರುಗಿಸುವಂತಿರಲಿ. ಹಿಂದಿನ ತೆರೆದ ಬಾಯಿಯಿಂದ ಎರಡೂ ಕೈ ಒಳಗೆ ಹೋಗಬೇಕು.

ಕಣ್ಣಿಡುವ ಕಿಂಡಿಗೆ ಹೆಚ್ಚಿನವರು ಇನ್ನೊಂದು ತೂತು ಮಾಡುತ್ತಾರೆ. ನಾನು ಮಾಡುವುದಿಲ್ಲ. ಆ ತೂತಿನಿಂದ ಹರಿದ ನೀರು ನೇರ ಫ್ಲ್ಯಾಶ್ ಸಿಕ್ಕಿಸುವ ಜಾಗಕ್ಕೆ ಇಳಿಯುತ್ತದೆ. ಹಿಂದಿನ ಪರದೆಯನ್ನೇ ಪ್ಲಾಸ್ಟಿಕ್ ಮೂಲಕ ನೋಡಿಕೊಂಡು ತೆಗೆಯಿರಿ. ಒಂದು ದಿನದಲ್ಲಿ ರೂಢಿಯಾಗುತ್ತದೆ.

ಇಲ್ಲಿ ಆಗುವ ತಪ್ಪು ಒಂದೇ, ಆದರೆ ಬಹಳ ಜನ ಮಾಡುತ್ತಾರೆ. ಭದ್ರವಾಗಲಿ ಎಂದು ಹಿಂದಿನ ಬಾಯಿಯನ್ನೂ ಕಟ್ಟಿಬಿಡುತ್ತಾರೆ. ಕೈಯ ಬೆವರು, ಉಸಿರು, ಬ್ಯಾಟರಿಯ ಬಿಸಿ ಎಲ್ಲ ಸೇರಿ ಒಳಗೆ ಹಬೆ ಕಟ್ಟಿ, ಮಳೆ ಬೀಳದೆಯೇ ಕ್ಯಾಮೆರಾ ಒದ್ದೆಯಾಗುತ್ತದೆ.

ಅಂಗಡಿಯಲ್ಲಿ ಸಿಗುವ ಸಿದ್ಧ ರೇನ್ ಕವರ್ ಇದ್ದರೂ ಸರಿಯೇ. ಕೊಂಡ ಮೇಲೆ ಮನೆಯಲ್ಲಿ ಒಂದು ಸಲ ಖಾಲಿ ಕವರಿನೊಳಗೆ ಕಾಗದ ತುಂಬಿ, ನಲ್ಲಿಯ ಕೆಳಗೆ ಐದು ನಿಮಿಷ ಹಿಡಿದು ನೋಡಿ. ಹೊಲಿಗೆಯ ಗೆರೆಯಲ್ಲಿ ಸೋರುವುದು ಅಪರೂಪವಲ್ಲ.

5. ಕಾರಿನಿಂದ ಇಳಿಯುವ ಮುಂಚೆ

ಮಂಗಳೂರಿನಲ್ಲೋ ಉಡುಪಿಯಲ್ಲೋ ಜುಲೈ ತಿಂಗಳಲ್ಲಿ ಹೊರಗೆ 27 ಡಿಗ್ರಿ ಇದ್ದು, ತೇವಾಂಶ ಶೇ. 90 ಇದೆ ಎಂದುಕೊಳ್ಳಿ. ಆಗ 25 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲಾದರೂ ಗಾಳಿಯ ನೀರು ಬಂದು ಕೂರುತ್ತದೆ. ನಿಮ್ಮ ಕಾರಿನೊಳಗೆ 21 ಡಿಗ್ರಿ. ಬಾಗಿಲು ತೆರೆದು ಕ್ಯಾಮೆರಾ ಹೊರಗೆ ತೆಗೆದ ಕ್ಷಣವೇ ಗಾಜು ಬೆಳ್ಳಗಾಗುತ್ತದೆ. ಒರೆಸಿದರೆ ಮತ್ತೆ ಬೆಳ್ಳಗಾಗುತ್ತದೆ. ಕಾಣುವ ಗಾಜಿನ ಮೇಲೆ ಕೂತದ್ದು ತೊಂದರೆಯಲ್ಲ. ಬಾಡಿಯೊಳಗೆ, ಸರ್ಕೀಟಿನ ಮೇಲೆ ಕೂಡ ಅದೇ ಇಬ್ಬನಿ ಕೂರಬಲ್ಲದು.

ಪರಿಹಾರ ಸುಲಭ. ತಲುಪುವ ಅರ್ಧ ಗಂಟೆ ಮುಂಚೆ ಎಸಿ ನಿಲ್ಲಿಸಿ, ಕಿಟಕಿ ಸ್ವಲ್ಪ ಇಳಿಸಿ. ಕ್ಯಾಮೆರಾ ಮುಚ್ಚಿದ ಚೀಲದೊಳಗೇ ಇದ್ದು ನಿಧಾನವಾಗಿ ಹೊರಗಿನ ಬಿಸಿಗೆ ಹೊಂದಿಕೊಳ್ಳಲಿ. ಸಹಪ್ರಯಾಣಿಕರು ಒಪ್ಪದಿದ್ದರೆ ಮೊದಲಿನಿಂದಲೂ ಡಿಕ್ಕಿಯಲ್ಲಿಡಿ, ಅಲ್ಲಿಗೆ ಎಸಿ ಅಷ್ಟಾಗಿ ತಲುಪುವುದಿಲ್ಲ. ಆದರೂ ಗಾಜು ಮಂಜಾದರೆ ಒರೆಸಬೇಡಿ, ಆನ್ ಮಾಡಬೇಡಿ, ಲೆನ್ಸು ಬಿಚ್ಚಬೇಡಿ. ಹದಿನೈದಿಪ್ಪತ್ತು ನಿಮಿಷದಲ್ಲಿ ತಾನಾಗಿ ಹೋಗುತ್ತದೆ.

6. ಮಳೆಯಲ್ಲಿ ನಿಂತಾಗ ಕೈಯ ಕ್ರಮ

ತೆಗೆಯದಿರುವಾಗ ಲೆನ್ಸಿನ ಬಾಯಿ ನೆಲದ ಕಡೆಗಿರಲಿ. ಎತ್ತುವುದು, ತೆಗೆಯುವುದು, ಮತ್ತೆ ಕೆಳಗೆ. ಕುತ್ತಿಗೆಯಿಂದ ಜೋತುಬಿದ್ದ ಕ್ಯಾಮೆರಾದ ಲೆನ್ಸು ಮುಂದಕ್ಕೆ ನೋಡುತ್ತಿರುತ್ತದೆ, ಮಳೆಗೆ ಅಷ್ಟು ಸಾಕು.

ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂದು ನಿಂತು ತಿಳಿದುಕೊಳ್ಳಿ. ಗಾಳಿಗೆ ಬೆನ್ನು ಕೊಟ್ಟು ತೆಗೆಯುವುದು ಮೊದಲ ಆಯ್ಕೆ. ಮುಂಗಾರಿನ ಗಾಳಿ ನಮ್ಮಲ್ಲಿ ನೈಋತ್ಯದಿಂದ, ಅಂದರೆ ಕಡಲಿನ ಕಡೆಯಿಂದ ಬರುತ್ತದೆ. ಘಾಟಿಯ ತುದಿಯಲ್ಲಿ ನಿಂತು ಪಶ್ಚಿಮದ ಕಣಿವೆ ತೆಗೆಯಹೊರಟರೆ ಎರಚಲು ಮುಖಕ್ಕೇ. ಅಲ್ಲಿ ಕೊಡೆಯನ್ನು ತಲೆಯ ಮೇಲೆ ಹಿಡಿದು ಉಪಯೋಗವಿಲ್ಲ, ಲೆನ್ಸಿನ ಮುಂದೆ ಗುರಾಣಿಯಂತೆ ಅಡ್ಡ ಹಿಡಿಯಿಸಿ, ತೆಗೆಯುವ ಗಳಿಗೆಯಲ್ಲಷ್ಟೇ ಸರಿಸಬೇಕು. ಅದಕ್ಕೆ ಜೊತೆಗೊಬ್ಬರು ಬೇಕು.

ಮುಂದಿನ ಗಾಜಿಗೆ ಹನಿ ಬಿದ್ದರೆ ಮೊದಲು ಬ್ಲೋವರ್‌ನಿಂದ (ಒತ್ತಿದರೆ ಗಾಳಿ ಊದುವ ರಬ್ಬರ್ ಬುರುಡೆ) ಊದಿ ಉದುರಿಸಿ, ಉಳಿದದ್ದನ್ನು ಒಣಬಟ್ಟೆಯಲ್ಲಿ ಒತ್ತಿ ತೆಗೆಯಿರಿ. ಉಜ್ಜಿದರೆ ನೀರಿನ ತೆಳುಪೊರೆ ಉಳಿಯುತ್ತದೆ. ಪರದೆಯಲ್ಲಿ ಗೊತ್ತಾಗುವುದಿಲ್ಲ, ಮನೆಯಲ್ಲಿ ನೋಡಿದರೆ ಫೋಟೊಗಳೆಲ್ಲ ಹಾಲಿನ ಪೊರೆ ಹೊದ್ದಂತಿರುತ್ತವೆ. ಹತ್ತು ಫೋಟೊಕ್ಕೊಮ್ಮೆಯಾದರೂ ಪರದೆಯಲ್ಲಿ ದೊಡ್ಡದು ಮಾಡಿ ನೋಡಿ.

ಝೂಮ್ ಕೊಳವೆಯ ನಿಯಮ ನೆನಪಿರಲಿ. ಉದ್ದ ಮಾಡಿದ ಲೆನ್ಸನ್ನು ಗಿಡ್ಡ ಮಾಡುವ ಮುಂಚೆ ಕೊಳವೆಯ ಸುತ್ತ ಪಂಚೆಯ ತುಂಡಿನಲ್ಲಿ ಒರೆಸಬೇಕು. ಪ್ರತಿ ಸಲವೂ. ಇದು ಕಷ್ಟವೆನಿಸಿದರೆ ಒಂದೇ ಅಳತೆಯಲ್ಲಿ ಟೇಪು ಹಚ್ಚಿ ನಿಲ್ಲಿಸಿಕೊಂಡು, ನೀವೇ ಹಿಂದೆಮುಂದೆ ನಡೆಯಿರಿ.

ಜಲಪಾತದ ಬುಡ, ಪಾಚಿಯ ಬಂಡೆ, ಘಾಟಿಯ ತಡೆಗೋಡೆಯ ಆಚೆ. ಇಲ್ಲಿಗೆ ಹೋಗಬೇಡಿ. ಕಣ್ಣು ಪರದೆಯಲ್ಲಿರುವಾಗ ಕಾಲಿಗೆ ಕಣ್ಣಿರುವುದಿಲ್ಲ. ಮೇಲೆಲ್ಲೋ ಸುರಿದ ಮಳೆಗೆ ಹಳ್ಳ ನಿಮಿಷಗಳಲ್ಲಿ ಏರುತ್ತದೆ. ತಿಳಿಯಾಗಿದ್ದ ನೀರು ಇದ್ದಕ್ಕಿದ್ದಂತೆ ಕೆಂಪಗೆ ಕದಡಿ, ಕಡ್ಡಿ ಎಲೆ ತೇಲಿಬರತೊಡಗಿತೆಂದರೆ ಸಾಮಾನು ಬಿಟ್ಟಾದರೂ ದಡ ಹತ್ತಿ. ಮೇ ತಿಂಗಳಲ್ಲಿ, ಅಕ್ಟೋಬರದಲ್ಲಿ ಬರುವ ಗುಡುಗಿನ ಮಳೆ ಇನ್ನೊಂದು ಬಗೆಯದು. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿ.ಮೀ.ಗಿಂತ ಹತ್ತಿರದಲ್ಲಿದೆ ಎಂದರ್ಥ. ಟ್ರೈಪಾಡ್ ಮಡಚಿ ಮನೆಯೊಳಗೋ ಕಾರಿನೊಳಗೋ ಸೇರಿಕೊಳ್ಳಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಈಚೆ ಬರಬೇಡಿ.

7. ಮಳೆ ಫೋಟೊದಲ್ಲಿ ಕಾಣಬೇಕಾದರೆ

ಎಷ್ಟೋ ಜನ ತೊಯ್ದು ತೊಪ್ಪೆಯಾಗಿ ಬಂದು ತೋರಿಸುವ ಫೋಟೊಗಳಲ್ಲಿ ಮಳೆಯೇ ಇರುವುದಿಲ್ಲ, ಬರೀ ಬೂದು ಬಣ್ಣ ಇರುತ್ತದೆ. ಕಾರಣ ಎರಡು: ಹಿನ್ನೆಲೆ ಮತ್ತು ಶಟರ್.

ಹನಿಗೆ ತನ್ನದೇ ಬಣ್ಣವಿಲ್ಲ. ಬಿಳಿ ಆಕಾಶದ ಎದುರು ಅದು ಕರಗಿಹೋಗುತ್ತದೆ. ಕಪ್ಪು ಹಿನ್ನೆಲೆ ಹುಡುಕಿ: ತೆರೆದ ಬಾಗಿಲಿನ ಒಳಗತ್ತಲೆ, ತೋಟದ ನೆರಳು, ಹಳೆಯ ಮರದ ಕಾಂಡ. ಬೆಳಕು ಹನಿಯ ಹಿಂದಿನಿಂದ ಅಥವಾ ಪಕ್ಕದಿಂದ ಬರಲಿ. ಹೆಂಚಿನ ಮನೆಯ ಜಗಲಿಯಲ್ಲಿ ನಿಂತು ಸೂರಿನ ನೀರನ್ನು, ಅದರಾಚೆಗಿನ ಕಪ್ಪು ತೋಟವನ್ನು ಎದುರಿಟ್ಟುಕೊಳ್ಳುವುದು ಕಲಿಯುವವರಿಗೆ ಎಲ್ಲಕ್ಕಿಂತ ಒಳ್ಳೆಯ ಜಾಗ. ನೀವೂ ಒದ್ದೆಯಾಗುವುದಿಲ್ಲ, ಕ್ಯಾಮೆರಾವೂ ಒದ್ದೆಯಾಗುವುದಿಲ್ಲ. ನನ್ನ ಮೆಚ್ಚಿನ ಮಳೆಯ ಫೋಟೊಗಳಲ್ಲಿ ಹೆಚ್ಚಿನವು ಜಗಲಿಯಿಂದಲೇ ತೆಗೆದವು.

ಶಟರ್‌ಗೆ ಒಂದು ಲೆಕ್ಕವಿದೆ. ಎರಡು ಮಿ.ಮೀ. ಗಾತ್ರದ ಹನಿ ನೆಲಕ್ಕೆ ಬರುವಾಗ ಸೆಕೆಂಡಿಗೆ ಸುಮಾರು ಆರೂವರೆ ಮೀಟರ್ ವೇಗದಲ್ಲಿರುತ್ತದೆ. ಶಟರ್ 1/1000, ಅಂದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗ ಇಟ್ಟರೆ ಅಷ್ಟರಲ್ಲಿ ಅದು ಇಳಿಯುವುದು ಆರೂವರೆ ಮಿ.ಮೀ., ಹಾಗಾಗಿ ಚುಕ್ಕೆಯಂತೆ ಕಾಣುತ್ತದೆ. 1/125ಕ್ಕೆ ಐದು ಸೆಂ.ಮೀ. ಉದ್ದದ ಗೆರೆ. 1/60ಕ್ಕೆ ಹನ್ನೊಂದು ಸೆಂ.ಮೀ. 1/15ಕ್ಕೆ ಬಂದರೆ ಗೆರೆ ನಲವತ್ತು ಸೆಂ.ಮೀ. ದಾಟಿ, ತೆಳುವಾಗಿ, ಮಂಜಿನಂತಾಗಿಬಿಡುತ್ತದೆ. ಕಣ್ಣಿಗೆ ‘ಮಳೆ’ ಎನಿಸುವುದು 1/60ರಿಂದ 1/125ರ ನಡುವೆ. ಶುರುವಿಗೆ ಕ್ಯಾಮೆರಾವನ್ನು ಶಟರ್ ವೇಗವನ್ನು ನೀವೇ ಆರಿಸುವ ಮೋಡ್‌ಗೆ ತಿರುಗಿಸಿ 1/100 ಇಡಿ. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ತೋರುವ ಸೂಕ್ಷ್ಮತೆ) ಆಟೋ, ಮೇಲಿನ ಮಿತಿ 3200. ಕಾಡಿನೊಳಗಿನ ಮಳೆಗತ್ತಲೆಯಲ್ಲಿ 1600, 3200 ಸಾಮಾನ್ಯ. ಕಾಳುಕಾಳಾಗಿ ಕಂಡರೆ ಅಂಜಬೇಡಿ, ಅಲುಗಿದ ಫೋಟೊಕ್ಕಿಂತ ಅದು ಮೇಲು.

ಫೋಕಸ್ ಹನಿಯನ್ನು ಹಿಡಿಯಲು ಹೋಗಿ ಹಿಂದೆಮುಂದೆ ಓಡಾಡುತ್ತಿದ್ದರೆ ನಡುವಿನ ಒಂದೇ ಚುಕ್ಕೆ ಆರಿಸಿಕೊಂಡು, ನಿಮ್ಮ ವಸ್ತುವಿನ ಮೇಲೆ ಫೋಕಸ್ ಮಾಡಿ, ಲೆನ್ಸಿನ ಗುಂಡಿಯನ್ನು ಮ್ಯಾನ್ಯುಯಲ್‌ಗೆ ತಳ್ಳಿ. ನೀವು ಜಾಗ ಬದಲಿಸುವವರೆಗೆ ಮುಟ್ಟುವ ಅಗತ್ಯವಿಲ್ಲ.

ಮಂಜು ಕವಿದಾಗ ಕ್ಯಾಮೆರಾ ಆ ಬಿಳುಪನ್ನು ಹೆಚ್ಚಿನ ಬೆಳಕೆಂದು ತಿಳಿದು ಫೋಟೊ ಕಪ್ಪು ಮಾಡುತ್ತದೆ. ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಫೋಟೊದ ಬೆಳಕು ಹೆಚ್ಚುಕಡಿಮೆ ಮಾಡುವ ಹೊಂದಿಕೆ) +0.7 ಅಥವಾ +1ಕ್ಕೆ ಇಡಿ. ಕಡುಹಸಿರು ಕಾಡಿನ ಒಳಗೆ ಇದು ತಿರುಗುಮುರುಗು: ಅಲ್ಲಿ -0.7 ಇಟ್ಟರೆ ಕತ್ತಲೆ ಕತ್ತಲೆಯಾಗಿಯೇ ಉಳಿಯುತ್ತದೆ. ರಾ (ಕ್ಯಾಮೆರಾ ತಿದ್ದದೆ ಉಳಿಸುವ) ಫೈಲಿನಲ್ಲೇ ತೆಗೆಯಿರಿ, ಮಳೆಯ ನೀಲಿಛಾಯೆಯನ್ನು ಆಮೇಲೆ ಬೇಕಾದಷ್ಟು ಮಾತ್ರ ಕಳೆಯಬಹುದು. ಪೂರ್ತಿ ಕಳೆಯಬೇಡಿ, ಮಳೆಗಾಲದ ಬೆಳಕು ಇರುವುದೇ ಹಾಗೆ.

ಪೋಲರೈಸರ್ ಇರುವುದು ನೀಲಿ ಆಕಾಶಕ್ಕೆ ಎಂದು ಹಲವರ ತಿಳಿವಳಿಕೆ. ಒದ್ದೆ ಎಲೆಯ ಮೇಲಿನ ಬಿಳಿ ಹೊಳಪನ್ನು ಕಳೆದು, ಅಡಿಯ ಹಸಿರನ್ನು ಎತ್ತಿ ತೋರಿಸುವುದರಲ್ಲಿ ಅದರ ನಿಜವಾದ ಉಪಯೋಗ ಕಾಣುತ್ತದೆ. ಒಂದೂವರೆಯಿಂದ ಎರಡು ಸ್ಟಾಪ್ ಬೆಳಕನ್ನು ಅದು ತಿನ್ನುತ್ತದೆ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕೆ ಇಳಿದಂತೆ). ಹಳ್ಳ, ತೊರೆ ತೆಗೆಯುವಾಗ ಅದೂ ಒಳ್ಳೆಯದೇ: ಟ್ರೈಪಾಡ್ ಮೇಲೆ ಐಎಸ್‌ಒ 100, ಅಪರ್ಚರ್ (ಲೆನ್ಸಿನೊಳಗಿನ ಬೆಳಕಿನ ಕಿಂಡಿ) ಎಫ್/11 ಇಟ್ಟರೆ ಶಟರ್ ತಾನಾಗಿ ಅರ್ಧ ಸೆಕೆಂಡಿನ ಆಸುಪಾಸಿಗೆ ಇಳಿದು, ನೀರು ನೂಲಿನಂತೆ ಬರುತ್ತದೆ.

ಫ್ಲ್ಯಾಶ್ ಬೇಡ. ಲೆನ್ಸಿನ ಹತ್ತಿರದ ಹನಿಗಳಿಗೆ ಬೆಳಕು ತಾಗಿ ಫೋಟೊ ತುಂಬ ಬಿಳಿ ಉಂಡೆಗಳು ತೇಲುತ್ತವೆ.

ಜೋಗದಂಥ ಜಾಗದಲ್ಲಿ ಇನ್ನೊಂದು ಮಾತು. 253 ಮೀಟರ್ ಎತ್ತರದಿಂದ ಬೀಳುವ ನೀರಿನ ತುಂತುರು, ಮೇಲಿಂದ ಮಂಜು ಸೇರಿ, ಕಣಿವೆ ತಾಸುಗಟ್ಟಲೆ ಮುಚ್ಚಿರುತ್ತದೆ. ಇದ್ದಕ್ಕಿದ್ದಂತೆ ಹೊಳವಾಗಿ ರಾಜಾ, ರಾಣಿ ಎಲ್ಲ ಕಾಣಿಸಿ, ಕೆಲವೇ ನಿಮಿಷದಲ್ಲಿ ಮತ್ತೆ ಪರದೆ. ಆಗ ಸೆಟ್ಟಿಂಗ್ ಹುಡುಕುತ್ತ ಕೂತರೆ ಮುಗಿಯಿತು. ಮುಚ್ಚಿರುವಾಗಲೇ ಎಲ್ಲ ಹೊಂದಿಸಿ, ಲೆನ್ಸು ಒರೆಸಿ, ಕಾದು ನಿಲ್ಲಬೇಕು.

8. ಇಲ್ಲಿಗೆ ನಿಲ್ಲಿಸಿ ಎನ್ನುವ ಸೂಚನೆಗಳು

ಇವುಗಳಲ್ಲಿ ಒಂದು ಕಂಡರೂ ‘ಇನ್ನೆರಡು ತೆಗೆದುಬಿಡುತ್ತೇನೆ’ ಎನ್ನಬೇಡಿ. ಮುಂದಿನ ಗಾಜಿನ ಒಳಬದಿಯಲ್ಲಿ ಮಂಜು. ಒತ್ತಿದ ಗುಂಡಿ ಮೇಲೇಳದೆ ಅಂಟಿಕೊಳ್ಳುವುದು. ಪರದೆ ಮಿಣುಕುವುದು, ಮೆನು ತಾನಾಗಿ ಓಡುವುದು. ಝೂಮ್ ತಿರುಗಿಸಿದಾಗ ಕರಕರ ಸದ್ದು. ತುಂಬಿದ್ದ ಬ್ಯಾಟರಿ ಸರ್ರನೆ ಇಳಿಯುವುದು. ಎರಡು ಸಲ ಲೆನ್ಸ್ ಎರರ್.

ಇವುಗಳಲ್ಲಿ ಹೆಚ್ಚು ಮೋಸ ಮಾಡುವುದು ಮೊದಲನೆಯದು. ಹೊರಗಿನ ಮಂಜೆಂದು ಒರೆಸುತ್ತಲೇ ಇರುತ್ತೇವೆ. ಎರಡು ಸಲ ಒರೆಸಿದರೂ ಹೋಗದಿದ್ದರೆ ಅದು ಒಳಗಿದೆ. ಕೂಡಲೇ ಆಫ್ ಮಾಡಿ, 10ನೇ ಹಂತಕ್ಕೆ ಹೋಗಿ.

9. ಮರಳಿದ ಮೇಲಿನ ಅರ್ಧ ಗಂಟೆ

ಈ ಬರಹದಲ್ಲಿ ಒಂದೇ ಭಾಗ ಓದುವಷ್ಟು ಬಿಡುವಿದ್ದರೆ ಇದನ್ನು ಓದಿ. ಕ್ರಮ ಹೀಗಿದೆ, ಅದಲುಬದಲು ಮಾಡಬೇಡಿ.

ಮೊದಲು ಆಫ್. ಆಮೇಲೆ ಕೊಟ್ಟೆಯನ್ನು ಲೆನ್ಸಿನ ಕಡೆಯಿಂದ ಮುಂದಕ್ಕೆ ಎಳೆದು ತೆಗೆಯಿರಿ, ಮೇಲಿನ ನೀರು ಬಾಡಿಯ ಮೇಲೆ ಸುರಿಯಬಾರದು. ಬಾಡಿಯನ್ನು ಪಂಚೆಯ ತುಂಡಿನಲ್ಲಿ ಒತ್ತಿ ಒತ್ತಿ ಒರೆಸಿ. ಬಾಗಿಲುಗಳ ಸಂದು, ಗುಂಡಿಗಳ ಸುತ್ತ, ಫ್ಲ್ಯಾಶ್ ಜಾಗ, ಬೆಲ್ಟಿನ ಕೊಂಡಿ. ಬೆಲ್ಟನ್ನು ಬಿಚ್ಚಿ ಬೇರೆಯಾಗಿ ಹರಡಿ, ಅದು ಒಂದು ಲೋಟ ನೀರು ಕುಡಿದಿರುತ್ತದೆ. ಲೆನ್ಸಿನ ಕೊಳವೆ ಒರೆಸಿ. ಉದ್ದವಾಗಿದ್ದರೆ ಉದ್ದವಾಗಿಯೇ ಬಿಡಿ.

ಹೊರಗೆಲ್ಲ ಒಣಗಿದ ಮೇಲೆ, ಕೈಯೂ ಒಣಗಿದ ಮೇಲೆ, ಬ್ಯಾಟರಿ ಬಾಗಿಲನ್ನು ಕೆಳಮುಖ ಮಾಡಿ ತೆರೆಯಿರಿ. ಬ್ಯಾಟರಿ, ಕಾರ್ಡು ಹೊರಗೆ. ಲೆನ್ಸನ್ನು ಆಗಲೇ ಬಿಚ್ಚಬೇಡಿ. ಉಂಗುರದ ಸಂದಿನಲ್ಲಿ ಕಾಣದ ನೀರಿರುತ್ತದೆ, ಬಿಚ್ಚಿದೊಡನೆ ಕನ್ನಡಿಯ ಮೇಲೋ ಸೆನ್ಸರ್ ಮೇಲೋ ಇಳಿಯುತ್ತದೆ. ಅರ್ಧ ಗಂಟೆ ಫ್ಯಾನಿನ ಕೆಳಗೆ ಬಟ್ಟೆಯ ಮೇಲಿಟ್ಟು, ನಂತರ ಕ್ಯಾಮೆರಾದ ಬಾಯಿ ಕೆಳಗಿರುವಂತೆ ಹಿಡಿದು ಲೆನ್ಸು ಬಿಚ್ಚಿ, ಉಂಗುರ ಒರೆಸಿ, ಎರಡಕ್ಕೂ ಮುಚ್ಚಳ ಹಾಕಿ, ಸಿಲಿಕಾ ಜೆಲ್ ಇರುವ ಡಬ್ಬದೊಳಗೆ ಬಿಡಿ. ಆ ರಾತ್ರಿ ಅದು ಅಲ್ಲೇ ಇರಲಿ. ಫೋಟೊ ನೋಡುವ ಆಸೆಗೆ ಕಾರ್ಡು ಕೈಯಲ್ಲಿದೆಯಲ್ಲ, ಅದನ್ನು ಕಂಪ್ಯೂಟರಿಗೆ ಹಾಕಿ.

ಚೀಲವನ್ನು ಮರೆಯಬೇಡಿ. ಒದ್ದೆ ಚೀಲಕ್ಕೆ ಒಣ ಕ್ಯಾಮೆರಾ ಹಾಕಿದರೆ ಮಾಡಿದ ಕೆಲಸವೆಲ್ಲ ನೀರುಪಾಲು. ಒಳಗಿನ ಅಡ್ಡಗೋಡೆಗಳನ್ನು ಕಿತ್ತು ಎರಡು ದಿನ ಆರಲು ಬಿಡಿ.

ಮಲ್ಪೆ, ಮರವಂತೆ, ಗೋಕರ್ಣದಂಥ ಕಡಲದಡದಿಂದ ಬಂದಿದ್ದರೆ ಒಂದು ಹೆಜ್ಜೆ ಹೆಚ್ಚು. ಸಿಹಿನೀರಲ್ಲಿ ಅದ್ದಿ ಬಿಗಿಯಾಗಿ ಹಿಂಡಿದ ಬಟ್ಟೆಯಿಂದ ಬಾಡಿಯನ್ನೂ ಲೆನ್ಸಿನ ಹೊರಮೈಯನ್ನೂ ಮೊದಲು ಒರೆಸಿ, ಆಮೇಲೆ ಒಣಬಟ್ಟೆ. ಉಪ್ಪು ಒಣಗಿ ಕೂತರೆ ಗಾಳಿಯ ಪಸೆಯನ್ನು ಎಳೆದುಕೊಳ್ಳುತ್ತ ಲೋಹವನ್ನು ತಿನ್ನುತ್ತಲೇ ಇರುತ್ತದೆ.

10. ನೀರು ಒಳಗೆ ಹೋಗಿಯೇಬಿಟ್ಟರೆ

ಆನ್ ಮಾಡಿ ‘ನೋಡುವುದು’ ಬೇಡ. ಒದ್ದೆಯಿರುವಾಗ ವಿದ್ಯುತ್ ಹರಿದರೆ ಸರ್ಕೀಟು ಸುಡುತ್ತದೆ. ಬರೀ ನೀರಿದ್ದು ಒಣಗಿದರೆ ಎಷ್ಟೋ ಸಲ ಕ್ಯಾಮೆರಾ ಬದುಕುತ್ತದೆ. ಬ್ಯಾಟರಿ ತೆಗೆಯಿರಿ. ಝೂಮ್ ತಿರುಗಿಸಬೇಡಿ, ಅಲ್ಲಾಡಿಸಿ ನೀರು ಕೊಡವಬೇಡಿ. ಎಲ್ಲ ಬಾಗಿಲು ತೆರೆದು ಸಿಲಿಕಾ ಜೆಲ್ ಡಬ್ಬದಲ್ಲಿ ಎರಡು ಪೂರ್ತಿ ದಿನ ಇಡಿ. ಅರ್ಧದಲ್ಲಿ ಜೆಲ್ ಬಣ್ಣ ತಿರುಗಿದರೆ ಬದಲಿಸಿ.

ಅಕ್ಕಿಯಲ್ಲಿ ಹೂತಿಡುವವರು ಈಗಲೂ ಇದ್ದಾರೆ. ಅಕ್ಕಿ ನೀರನ್ನು ಹೀರುವುದು ಬಹಳ ಕಡಿಮೆ, ಅದರ ಹಿಟ್ಟುದೂಳು ಸಂದುಗಳಿಗೆ ಇಳಿದು ಒದ್ದೆಯಲ್ಲಿ ಅಂಟಾಗುತ್ತದೆ. ಹೇರ್ ಡ್ರೈಯರ್ ಬಿಸಿಗಾಳಿ ನೀರನ್ನು ಇನ್ನಷ್ಟು ಒಳಕ್ಕೆ ನೂಕುತ್ತದೆ. ಮಳೆಗಾಲದಲ್ಲಿ ಬಟ್ಟೆ ಒಣಗಿಸುವಂತೆ ಬಚ್ಚಲೊಲೆಯ ಹತ್ತಿರವೋ, ಒಲೆಯ ಮೇಲಿನ ಅಟ್ಟದಲ್ಲೋ ಇಡುವುದಂತೂ ಕೂಡದು: ಬಿಸಿಗೆ ಲೆನ್ಸಿನೊಳಗಿನ ಎಣ್ಣೆ ಕರಗಿ ಅಪರ್ಚರ್ ಎಲೆಗಳಿಗೆ ಹರಿಯುತ್ತದೆ, ಹೊಗೆ ಗಾಜಿಗೆ ಹತ್ತುತ್ತದೆ.

ಎರಡು ದಿನದ ನಂತರ ಗಾಜಿನೊಳಗೆ ಮಂಜಿಲ್ಲದಿದ್ದರೆ ಬ್ಯಾಟರಿ ಹಾಕಿ ನೋಡಿ. ಮಂಜು ಇನ್ನೂ ಇದ್ದರೆ ಅಥವಾ ಹೋಗಿದ್ದು ಉಪ್ಪುನೀರಾಗಿದ್ದರೆ ಮನೆಯಲ್ಲಿ ಕಾಯಬೇಡಿ, ರಿಪೇರಿಯವರಲ್ಲಿಗೆ ಒಯ್ಯಿರಿ. ನೀರಾಗಿದೆ ಎಂಬುದನ್ನು ಅವರಿಂದ ಮುಚ್ಚಿಡಬೇಡಿ. ನೀರಿನ ಹಾನಿಗೆ ಸಾಮಾನ್ಯವಾಗಿ ವಾರಂಟಿ ಅನ್ವಯಿಸುವುದಿಲ್ಲ, ಮುಚ್ಚಿಟ್ಟು ಸಿಗುವುದೇನೂ ಇಲ್ಲ; ಹೇಳಿದರೆ ಅವರು ಮೊದಲು ಒಳಗಿನ ತುಕ್ಕು ನೋಡುತ್ತಾರೆ.

11. ಬೂಷ್ಟು: ಮಳೆಗಾಲವಿಡೀ ಇರುವ ಕೆಲಸ

ಮನೆಯೊಳಗಿನ ತೇವಾಂಶ ಶೇ. 60 ದಾಟಿ ದಿನಗಟ್ಟಲೆ ಹಾಗೇ ನಿಂತರೆ ಲೆನ್ಸಿನೊಳಗೆ ಬೂಷ್ಟು ಬೆಳೆಯಬಹುದು. ಮಲೆನಾಡು, ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದಕ್ಕಿಂತ ಕಡಿಮೆಯಾಗುವ ದಿನಗಳೇ ಕಮ್ಮಿ. ಬೀರುವಿನಲ್ಲಿ ಸೀರೆಗಳ ನಡುವೆ ಜೋಪಾನವಾಗಿಟ್ಟ ಲೆನ್ಸಿಗೆ, ಚರ್ಮದ ಉರೆಯೊಳಗಿನ ಲೆನ್ಸಿಗೆ ಮೊದಲು ಬೂಷ್ಟು ಹಿಡಿಯುತ್ತದೆ.

ಡಬ್ಬದೊಳಗೆ ತೇವಾಂಶ ತೋರಿಸುವ ಸಣ್ಣ ಮೀಟರ್ ಒಂದನ್ನಿಡಿ. ಶೇ. 40ರಿಂದ 50ರ ನಡುವೆ ಇರಲಿ. 30ಕ್ಕಿಂತ ಕೆಳಗೆ ಬಹಳ ಕಾಲ ಇಡುವುದೂ ರಬ್ಬರಿಗೆ ಒಳ್ಳೆಯದಲ್ಲ. ಕಿತ್ತಳೆ ಜೆಲ್ ಹಸಿರಾದರೆ ಅಥವಾ ಬಣ್ಣ ಕಳೆದುಕೊಂಡರೆ ಅದರ ಕೆಲಸ ಮುಗಿಯಿತೆಂದರ್ಥ. ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಬಿಸಿ ಮಾಡಿ. ಬಣ್ಣ ಮರಳಿದ ಮೇಲೆ ಪೂರ್ತಿ ಆರಿಸಿ ಡಬ್ಬಕ್ಕೆ ಹಾಕಿ. ಉರಿ ಜಾಸ್ತಿಯಾದರೆ ಕಾಳು ಕಪ್ಪಾಗಿ ಸತ್ತುಹೋಗುತ್ತದೆ. ನಾಲ್ಕೈದು ಲೆನ್ಸು ಇರುವವರು ವಿದ್ಯುತ್ತಿನ ಡ್ರೈ ಕ್ಯಾಬಿನೆಟ್ ಕೊಳ್ಳುವುದು ಒಳ್ಳೆಯದು. ಬೆಲೆ ಸಾವಿರಾರು ರೂಪಾಯಿ, ಆದರೆ ಒಂದು ಲೆನ್ಸು ಉಳಿದರೂ ಅದು ಬಂದಂತೆಯೇ.

ಹದಿನೈದು ದಿನಕ್ಕೊಮ್ಮೆ, ನೆನಪಿಗೆ ಸುಲಭವಾಗಲೆಂದು ಪ್ರತಿ ಹೊಸ ಮಳೆನಕ್ಷತ್ರ ಹುಟ್ಟಿದ ದಿನ, ಕತ್ತಲೆ ಕೋಣೆಯಲ್ಲಿ ಲೆನ್ಸಿನ ಹಿಂದಿನಿಂದ ಟಾರ್ಚು ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ದೂಳು ಚುಕ್ಕೆಚುಕ್ಕೆಯಾಗಿ ಕಾಣುತ್ತದೆ, ಅದಕ್ಕೆ ಏನೂ ಮಾಡಬೇಕಿಲ್ಲ. ಅಂಚಿನಿಂದ ಒಳಕ್ಕೆ ಜೇಡನ ಬಲೆಯಂತೆ ಕವಲೊಡೆದ ಎಳೆ ಕಂಡರೆ ಅದು ಬೂಷ್ಟು. ಆ ಲೆನ್ಸನ್ನು ಬೇರೆ ಲೆನ್ಸುಗಳ ಡಬ್ಬದಿಂದ ಅಂದೇ ತೆಗೆದು ಬೇರೆ ಇಡಿ, ಆ ವಾರದಲ್ಲೇ ಬಿಚ್ಚಿ ಒರೆಸುವವರ ಕೈಗೆ ಕೊಡಿ. ಬೂಷ್ಟು ಎಳೆಯದಿದ್ದಾಗಲೇ ಒರೆಸಿದರೆ ಹೋಗುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ಗಾಜಿನ ಲೇಪವನ್ನೇ ತಿಂದು ಗುರುತು ಉಳಿಸುತ್ತದೆ, ಆಗ ಯಾರ ಕೈಯಲ್ಲೂ ಸರಿಹೋಗುವುದಿಲ್ಲ.

ಇನ್ನು, ವಾರಗಟ್ಟಲೆ ಡಬ್ಬ ತೆರೆಯದಿರುವುದೂ ತಪ್ಪೇ. ಹೊಳವಾದ ದಿನ ಕ್ಯಾಮೆರಾ ತೆಗೆದು ಜಗಲಿಯಲ್ಲಿ ಕೂತು ಝೂಮ್, ಫೋಕಸ್ ಎರಡನ್ನೂ ಕೊನೆಯವರೆಗೆ ತಿರುಗಿಸಿ, ಹತ್ತಿಪ್ಪತ್ತು ಫೋಟೊ ತೆಗೆದು, ಮತ್ತೆ ಒಳಗಿಡಿ.